ಸಿಂಗಪುರದಲ್ಲಿ ಕಾನ್ಫರೆನ್ಸ್ ಇದೆ, ಹಕ್ಕಿ ನೋಡೋಕೆ ಎಲ್ಲಿಗೆ ಹೋಗೋದು?

"ಮೂರು ದಿನದ ಕಾನ್ಫರೆನ್ಸ್, ಮರೀನಾ ಬೇ ಹತ್ತಿರ. ಬೈನಾಕ್ಯುಲರ್ ತಗೊಂಡು ಹೋಗ್ಲಾ ಬೇಡ್ವಾ? ಹೋದ್ರೆ ಎಲ್ಲಿಗೆ ಹೋಗ್ಲಿ?" ಬೆಂಗಳೂರು, ಮೈಸೂರಿನ ಹಕ್ಕಿ ಗೆಳೆಯರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಐಟಿಯವರು, ಡಾಕ್ಟರುಗಳು, ಕಾಲೇಜಿನ ಮೇಷ್ಟ್ರುಗಳು, ತುಂಬಾ ಜನರಿಗೆ ಹೊರದೇಶದ ಮೊದಲ ಕಾನ್ಫರೆನ್ಸ್ ಅಂದರೆ ಸಿಂಗಪುರವೇ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ ಅಷ್ಟೇ.

ಹುಡುಕಿದರೆ ಹೆಸರುಗಳಿಗೆ ಬರ ಇಲ್ಲ. ಬೊಟಾನಿಕ್ ಗಾರ್ಡನ್ಸ್, ಸುಂಗೈ ಬುಲೋ, ಪುಲಾವ್ ಉಬಿನ್, ಬರ್ಡ್ ಪ್ಯಾರಡೈಸ್, ಮ್ಯಾಕ್‌ರಿಚಿ, ಪಾಸಿರ್ ರಿಸ್... ಎಲ್ಲವೂ ಒಳ್ಳೆಯ ಜಾಗಗಳೇ. ತೊಂದರೆ ಅದೇ. ರಜೆಗೆ ಹೋದವರು ಒಂದೊಂದು ದಿನ ಒಂದೊಂದು ಕಡೆ ಹೋಗಬಹುದು. ಕಾನ್ಫರೆನ್ಸಿಗೆ ಹೋದವರಿಗೆ ಸಿಗೋದು ಅಲ್ಲೊಂದು ಬೆಳಗ್ಗೆ, ಇಲ್ಲೊಂದು ಸಂಜೆ, ಅದೃಷ್ಟ ಚೆನ್ನಾಗಿದ್ದರೆ ಒಂದು ಅರ್ಧ ದಿನ. ಹಾಗಾಗಿ ಯಾವ ಜಾಗ ಚೆನ್ನಾಗಿದೆ ಅಂತ ಕೇಳೋದಕ್ಕಿಂತ, ನಿಮ್ಮ ಕೈಯಲ್ಲಿರುವ ಬಿಡುವಿಗೆ ಯಾವ ಜಾಗ ಹೊಂದುತ್ತದೆ ಅಂತ ನೋಡಬೇಕು.

ಮೊದಲು ಈ ಲೆಕ್ಕ ಹಾಕಿಕೊಳ್ಳಿ

ಎಲ್ಲಕ್ಕಿಂತ ಮೊದಲು ಗಡಿಯಾರ. ಸಿಂಗಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಅದು ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಬೆಳಗ್ಗೆ 7ಕ್ಕೆ ಹುಟ್ಟಿ ಸಂಜೆ 7ಕ್ಕೆ ಮುಳುಗುತ್ತಾನೆ. ನಮ್ಮ ಹಾಗೆ ಆರಕ್ಕೇ ಬೆಳಕು ಹರಿಯುವುದಿಲ್ಲ. ಮೊದಲ ಸೆಷನ್ 9ಕ್ಕೆ ಅಂತ ಇಟ್ಟುಕೊಳ್ಳಿ. ವಾಪಸ್ ಬಂದು ಸ್ನಾನ, ತಿಂಡಿ ಮುಗಿಸಬೇಕು ಅಂದರೆ 8ರ ಹೊತ್ತಿಗೆ ಹಕ್ಕಿ ಬಿಟ್ಟು ಹೊರಡಬೇಕು. ಅಂದರೆ ಸೆಷನ್ ಇರುವ ದಿನ ನಿಮಗೆ ಸಿಗೋದು ಒಂದು ಗಂಟೆಯ ಬೆಳಕು. ಅಲ್ಲಿಯ ಬೆಳಗ್ಗೆ 6 ಅಂದರೆ ನಮ್ಮ ಮೈಗೆ ಇನ್ನೂ ಮೂರೂವರೆ. ಬಂದಿಳಿದ ಮರುದಿನವೇ ಬೆಳಗಿನ ಜಾವ ಎದ್ದು ಹೋಗುವ ಪ್ಲಾನ್ ಬೇಡ, ಮಧ್ಯಾಹ್ನದ ಸೆಷನ್‌ನಲ್ಲಿ ಕಣ್ಣು ಎಳೆಯುತ್ತದೆ. ಮೊದಲ ದಿನ ಸಂಜೆಗೆ ಸಣ್ಣದೊಂದು ಸುತ್ತು, ಎರಡನೇ ದಿನದಿಂದ ಬೆಳಗ್ಗೆ, ಹೀಗೆ ಮಾಡಿದರೆ ಆರಾಮ.

ಎರಡನೆಯದು ತಿಂಗಳು. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ವಲಸೆ ಹಕ್ಕಿಗಳು ಬಂದಿರುತ್ತವೆ. ಏಪ್ರಿಲ್‌ನಿಂದ ಆಗಸ್ಟ್ ಅಂದರೆ ಅಲ್ಲೇ ಇರುವ ಹಕ್ಕಿಗಳು ಮಾತ್ರ. ಅವೂ ಕಡಿಮೆ ಏನಿಲ್ಲ, ಆದರೆ ಕೆಲವು ಜಾಗಗಳ ಆಕರ್ಷಣೆ ಈ ತಿಂಗಳುಗಳಲ್ಲಿ ಅರ್ಧ ಇಳಿಯುತ್ತದೆ. ಮಳೆ ಯಾವ ತಿಂಗಳಲ್ಲೂ ಬರಬಹುದು. ಡಿಸೆಂಬರ್, ಜನವರಿಯಲ್ಲಿ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾತ್ರಾ ಕಡೆಯಿಂದ ಗಾಳಿಮಳೆ ಬೆಳಗಿನ ಜಾವವೇ ಬಂದು ಹೊಡೆಯುವುದುಂಟು.

ಮೂರನೆಯದನ್ನು ನಮ್ಮವರು ಯೋಚಿಸುವುದೇ ಇಲ್ಲ: ಸಮುದ್ರದ ಉಬ್ಬರ ಇಳಿತ. ಒಳನಾಡಿನ ಕೆರೆಗಳಲ್ಲಿ ಹಕ್ಕಿ ನೋಡಿ ಬೆಳೆದವರಿಗೆ ಇದು ಹೊಳೆಯುವುದು ಕಷ್ಟ. ಕಾರವಾರ, ಕುಂದಾಪುರ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಸಿಂಗಪುರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಮತ್ತು ಸಮಯ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಆ ವಾರದ ಉಬ್ಬರದ ಪಟ್ಟಿ ಮೊಬೈಲ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಕಾನ್ಫರೆನ್ಸಿನ ವೇಳಾಪಟ್ಟಿ ಪಕ್ಕದಲ್ಲೇ ಅದನ್ನೂ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಉಳಿದದ್ದು ದುಡ್ಡು, ಮತ್ತು ಜೊತೆಗೆ ಯಾರಿದ್ದಾರೆ ಅನ್ನೋದು. ದುಡ್ಡಿನ ವಿಷಯದಲ್ಲಿ ಸಮಾಧಾನದ ಮಾತು ಇದೆ. ಸಿಂಗಪುರದಲ್ಲಿ ಕಾಡು ಹಕ್ಕಿ ಇರುವ ಹೆಚ್ಚಿನ ಜಾಗಗಳಿಗೆ ಟಿಕೆಟ್ ಇಲ್ಲ. ಖರ್ಚಾಗೋದು ಓಡಾಟಕ್ಕೆ. ಅದು ನೀವು ಎಲ್ಲಿ ಉಳಿದುಕೊಳ್ಳುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಹೋಟೆಲ್ ಮಾತು ಮೊದಲೇ ಆಗಲಿ

ದೊಡ್ಡ ಕಾನ್ಫರೆನ್ಸುಗಳು ಹೆಚ್ಚಾಗಿ ಮೂರು ಕಡೆ ನಡೆಯುತ್ತವೆ: ಮರೀನಾ ಬೇ ಸ್ಯಾಂಡ್ಸ್‌ನ ಎಕ್ಸ್‌ಪೋ ಹಾಲ್, ಸನ್‌ಟೆಕ್, ಮತ್ತು ವಿಮಾನ ನಿಲ್ದಾಣದ ಕಡೆ ಇರುವ ಸಿಂಗಪುರ ಎಕ್ಸ್‌ಪೋ. ಹೋಟೆಲ್ ನೀವೇ ಬುಕ್ ಮಾಡುವುದಾದರೆ, ಮೊದಲ ಎರಡಕ್ಕೆ ನನ್ನ ಸಲಹೆ ಲಿಟಲ್ ಇಂಡಿಯಾ. ಮರೀನಾ ಬೇ ಪಕ್ಕದ ಹೋಟೆಲ್‌ಗಳಿಗೆ ಹೋಲಿಸಿದರೆ ಬಾಡಿಗೆ ತುಂಬಾ ಕಡಿಮೆ. ಲಿಟಲ್ ಇಂಡಿಯಾ ಮೆಟ್ರೋ ಸ್ಟೇಷನ್ ಡೌನ್‌ಟೌನ್ ಲೈನ್ ಮೇಲೆ ಇದೆ. ಒಂದು ದಿಕ್ಕಿಗೆ ಹೋದರೆ ಮೂರೇ ಸ್ಟೇಷನ್‌ಗೆ ಬೊಟಾನಿಕ್ ಗಾರ್ಡನ್ಸ್. ಇನ್ನೊಂದು ದಿಕ್ಕಿಗೆ ಹೋದರೆ ಸನ್‌ಟೆಕ್‌ಗೆ ಇಳಿಯುವ ಪ್ರಾಮೆನೇಡ್, ಅದರ ಮುಂದಿನದು ಮರೀನಾ ಬೇ ಸ್ಯಾಂಡ್ಸ್‌ಗೆ ಇಳಿಯುವ ಬೇಫ್ರಂಟ್. ಎಲ್ಲೂ ಗಾಡಿ ಬದಲಿಸಬೇಕಿಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ಅನುಕೂಲ ಇದೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಇದೆ, ನಮ್ಮದೇ ಎಂಟಿಆರ್ ಕೂಡ ಇದೆ. ಹಕ್ಕಿ ನೋಡಿ ಹಸಿದು ಬಂದವರಿಗೆ ದೋಸೆ ಸಿಗೋದು ಸಣ್ಣ ವಿಷಯ ಅಲ್ಲ.

ಮೆಟ್ರೋಗೆ ಬೇರೆ ಕಾರ್ಡ್ ಬೇಕಾಗಿಲ್ಲ. ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನೇ ಗೇಟಿಗೆ ತಾಗಿಸಿದರೆ ಸಾಕು. ಹೊರದೇಶದ ಕಾರ್ಡಿಗೆ ದಿನಕ್ಕೆ ಸಣ್ಣದೊಂದು ಶುಲ್ಕ ಬೀಳುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಟ್ಯಾಪ್ ಮಾಡಿ ಪಾವತಿಸುವ ಸೌಲಭ್ಯ ಎರಡನ್ನೂ ಆನ್ ಮಾಡಿಕೊಳ್ಳಿ. ಹಾಗೆಯೇ ಸಿಂಗಪುರದ ವೀಸಾ ಬಂದ ಮೇಲೂ, ಅಲ್ಲಿ ಬಂದಿಳಿಯುವ ಮೊದಲಿನ ಮೂರು ದಿನದ ಒಳಗೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಬೊಟಾನಿಕ್ ಗಾರ್ಡನ್ಸ್: ಒಂದೇ ಒಂದು ಬೆಳಗ್ಗೆ ಇದ್ದವರಿಗೆ

ಸೆಷನ್ ತಪ್ಪಿಸಿಕೊಳ್ಳದೆ ಹಕ್ಕಿ ನೋಡಬೇಕು ಅನ್ನುವವರಿಗೆ ಇದಕ್ಕೆ ಸಾಟಿ ಇಲ್ಲ. 1859ರಲ್ಲಿ ಶುರುವಾದ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಳಗ್ಗೆ 5ಕ್ಕೇ ತೆರೆಯುತ್ತದೆ, ಪ್ರವೇಶ ಉಚಿತ. ಬೇಫ್ರಂಟ್‌ನಿಂದಲೂ ಪ್ರಾಮೆನೇಡ್‌ನಿಂದಲೂ ನೇರ ರೈಲು. ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಬುಕಿಟ್ ತಿಮಾ ಗೇಟ್.

ಆ ಗೇಟಿನ ಹತ್ತಿರವೇ ಇಕೋ ಲೇಕ್ ಅನ್ನುವ ಕೆರೆ ಇದೆ. ಒಂದೇ ಗಂಟೆ ಇದ್ದರೆ ಅದನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ. ಶಿಳ್ಳೆ ಬಾತುಗಳು ದಡದ ಹುಲ್ಲಿನ ಮೇಲೇ ನಿಂತಿರುತ್ತವೆ. ನಮ್ಮ ಕೆರೆಗಳಲ್ಲಿ ಮನುಷ್ಯನನ್ನು ಕಂಡ ಕೂಡಲೇ ಗುಂಪಿಗೆ ಗುಂಪೇ ಎದ್ದುಹೋಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ನಾಲ್ಕು ಮಾರು ದೂರದಲ್ಲಿ ನಿಂತು, ಬೈನಾಕ್ಯುಲರ್ ಇಲ್ಲದೆಯೇ, ಕಣ್ಣಿನ ಸುತ್ತಲಿನ ತೆಳ್ಳಗಿನ ಹಳದಿ ಉಂಗುರ ನೋಡಬಹುದು. ಮನೆಯ ಹತ್ತಿರದ ಕೆರೆಯಲ್ಲಿ ದೂರದಿಂದ ಕಂದು ಚುಕ್ಕೆಯಾಗಿ ಕಂಡ ಹಕ್ಕಿಯನ್ನು ಇಷ್ಟು ಹತ್ತಿರದಿಂದ ನೋಡುವುದೇ ಒಂದು ಪಾಠ. ಕಾಡುಕೋಳಿ ತನ್ನ ಮರಿಗಳನ್ನು ಕಟ್ಟಿಕೊಂಡು ದಾರಿ ದಾಟುತ್ತದೆ. ಹುಂಡುಕೋಳಿ, ಕತ್ತಿನ ಸುತ್ತ ಬಿಳಿ ಪಟ್ಟಿ ಇರುವ ಕಾಲರ್ಡ್ ಮಿಂಚುಳ್ಳಿ, ಹಣ್ಣಿನ ಮರಗಳಲ್ಲಿ ಗುಲಾಬಿ ಕತ್ತಿನ ಹಸಿರು ಪಾರಿವಾಳ, ಹೊಳೆಯುವ ಕಪ್ಪು ಮೈಯ ಕೆಂಗಣ್ಣಿನ ಸ್ಟಾರ್ಲಿಂಗ್, ಇವೆಲ್ಲ ಇಲ್ಲಿ ಮಾಮೂಲು. ಮಂಗಟ್ಟೆಯೂ ಬರುತ್ತದೆ. ಕೋಗಿಲೆ ಕೂಗು ಮಾತ್ರ ನಮ್ಮೂರಿನದೇ.

ಕೊರತೆಯೂ ಇದೆ. ಇದು ತೋಟ. ವಾಕಿಂಗ್, ಓಟ, ಯೋಗ ಅಂತ 7 ಗಂಟೆಯಿಂದಲೇ ಜನ. ಅಪರೂಪದ ಹಕ್ಕಿ ಹುಡುಕಿಕೊಂಡು ಬಂದವರಿಗೆ ಎರಡನೇ ಸಲ ಬಂದಾಗ ಸ್ವಲ್ಪ ಸಪ್ಪೆ ಅನಿಸಬಹುದು. ಆದರೆ ಕಾನ್ಫರೆನ್ಸಿನವರ ದೃಷ್ಟಿಯಿಂದ ನೋಡಿ: ಸಿಮೆಂಟಿನ ದಾರಿ, ಸೆಷನ್‌ಗೆ ಹಾಕುವ ಬೂಟಿನಲ್ಲೇ ಹೋಗಬಹುದು, ಕೆಸರಿಲ್ಲ, ಮಳೆ ಬಂದರೆ ನಿಲ್ಲಲು ಸೂರು ಇದೆ, 8ಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಲಿಟಲ್ ಇಂಡಿಯಾದಲ್ಲಿ ಇರುತ್ತೀರಿ.

ಹಕ್ಕಿಯ ಹುಚ್ಚಿಲ್ಲದ ಸಹೋದ್ಯೋಗಿ ಜೊತೆಗಿದ್ದರೂ ಬೇಸರ ಆಗುವುದಿಲ್ಲ. ಟ್ಯಾಂಗ್ಲಿನ್ ಗೇಟಿನ ಕಡೆ ಒಂದು ಟೆಂಬುಸು ಮರ ಇದೆ. ನೆಲಕ್ಕೆ ಸಮಾನಾಂತರವಾಗಿ ಚಾಚಿದ ಕೊಂಬೆಯ ಆ ಮರದ ಚಿತ್ರ ಸಿಂಗಪುರದ ಐದು ಡಾಲರ್ ನೋಟಿನ ಮೇಲಿದೆ. ನೋಟು ಕೈಯಲ್ಲಿ ಹಿಡಿದು ಮರ ನೋಡಿ. ಇದೇ ತೋಟದಲ್ಲಿ 1888ರಿಂದ ನಿರ್ದೇಶಕನಾಗಿದ್ದ ಹೆನ್ರಿ ರಿಡ್ಲಿ, ರಬ್ಬರ್ ಮರವನ್ನು ಸಾಯಿಸದೆ ಹಾಲು ತೆಗೆಯುವ ವಿಧಾನವನ್ನು ಬೆಳೆಸಿದ. ಮಲಯ ನಾಡಿನ ರಬ್ಬರ್ ತೋಟಗಳ ಕಥೆ ಶುರುವಾಗುವುದು ಇಲ್ಲಿಂದ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ, ಅದು ತಡವಾಗಿ ತೆರೆಯುತ್ತದೆ.

ಸುಂಗೈ ಬುಲೋ: ವಲಸೆ ಹಕ್ಕಿಗಾಗಿ, ಉಬ್ಬರ ನೋಡಿಕೊಂಡು

ನೀವು ನಿಜವಾಗಿ ಹಕ್ಕಿ ನೋಡುವವರಾಗಿದ್ದು, ಹೋಗುತ್ತಿರುವುದು ಸೆಪ್ಟೆಂಬರ್‌ನಿಂದ ಮಾರ್ಚ್ ಒಳಗೆ ಆಗಿದ್ದು, ಅರ್ಧ ದಿನ ಪೂರ್ತಿ ಬಿಡುವಿದ್ದರೆ ಬೇರೆ ಯೋಚನೆಯೇ ಬೇಡ. ಬುಲೋಗೆ ಹೋಗಿ.

ಇದು ಮೊದಲು ಸಿಗಡಿ ಸಾಕುವ ಹೊಂಡಗಳಿದ್ದ ಜಾಗ. 1986ರಲ್ಲಿ ಹಕ್ಕಿ ನೋಡುವವರ ಕಣ್ಣಿಗೆ ಬಿತ್ತು. ಇದನ್ನು ಉಳಿಸಿ ಅಂತ ಅವರೇ ಸರ್ಕಾರಕ್ಕೆ ಬರೆದರು. 1993ರಲ್ಲಿ ಉದ್ಯಾನವಾಗಿ ತೆರೆಯಿತು, 2002ರಲ್ಲಿ ಸಂರಕ್ಷಿತ ಜೌಗು ಪ್ರದೇಶವಾಯಿತು. ಪೂರ್ವ ಏಷ್ಯಾ–ಆಸ್ಟ್ರೇಲಿಯಾ ವಲಸೆ ದಾರಿಯಲ್ಲಿ ಸೈಬೀರಿಯಾ ಕಡೆಯಿಂದ ಇಳಿಯುವ ಹಕ್ಕಿಗಳಿಗೆ ಇದು ತಂಗುದಾಣ. ಒಂದು ಊರಿನ ಹಕ್ಕಿ ಪ್ರಿಯರು ಕೇಳಿದ್ದಕ್ಕೆ ಉಳಿದ ಜಾಗ ಅನ್ನೋದು ನನಗೆ ಅದರ ಹಕ್ಕಿಗಳಷ್ಟೇ ಮುಖ್ಯ. ಜಮೀನಿಗೆ ಅಷ್ಟು ಬೆಲೆ ಇರುವ ದೇಶದಲ್ಲಿ ಇದು ಆಗಿದೆ.

ಈಗ ಉಬ್ಬರದ ಮಾತು. ಇಳಿತ ಇದ್ದಾಗ ಹಕ್ಕಿಗಳೆಲ್ಲ ಹೊರಗಿನ ಕೆಸರು ಬಯಲಿನಲ್ಲಿ ಚದುರಿ ಮೇಯುತ್ತಿರುತ್ತವೆ. ಎಲ್ಲವೂ ದೂರ ದೂರ. ಸಮುದ್ರ ಏರಿ ಆ ಬಯಲು ಮುಳುಗಿದಾಗ ಅವಕ್ಕೆ ನಿಲ್ಲಲು ನೆಲ ಬೇಕು. ಹಳೆಯ ಸಿಗಡಿ ಹೊಂಡಗಳಿಗೆ ತೂಬು ಇರುವುದರಿಂದ ಒಳಗಿನ ನೀರನ್ನು ತಗ್ಗಿಸಿ ಇಡಬಹುದು. ಹಾಗಾಗಿ ಉಬ್ಬರದ ಹೊತ್ತಿಗೆ ಹಕ್ಕಿಗಳು ಗುಂಪು ಗುಂಪಾಗಿ ಒಳಗೆ ಬಂದು ಇಳಿಯುತ್ತವೆ. ಮರದ ಮರೆಮನೆಯಲ್ಲಿ ಕೂತು ನೋಡುತ್ತಿದ್ದರೆ, ಖಾಲಿ ಇದ್ದ ಕೆಸರು ದಿಬ್ಬ ಸ್ವಲ್ಪ ಹೊತ್ತಿನಲ್ಲಿ ತುಂಬಿಹೋಗುತ್ತದೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್‌ಗಳು, ಕೆಂಪು ಕಾಲಿನ ರೆಡ್‌ಶ್ಯಾಂಕ್‌ಗಳು, ಗೋಲ್ಡನ್ ಪ್ಲೋವರ್‌ಗಳು. ಮೊದಲು ಬಂದವು ಮೇಲಿನ ಒಣ ಜಾಗ ಹಿಡಿಯುತ್ತವೆ, ಆಮೇಲೆ ಬಂದವು ನೀರಿನ ಅಂಚಿನಲ್ಲಿ ಒತ್ತರಿಸಿಕೊಂಡು ನಿಲ್ಲುತ್ತವೆ. ಎಲ್ಲವೂ ಗಾಳಿ ಬೀಸುವ ಕಡೆಗೆ ಮುಖ ಮಾಡಿ, ಒಂಟಿ ಕಾಲಿನ ಮೇಲೆ, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ಸಿಕ್ಕಿಸಿಕೊಂಡು ಮಲಗುತ್ತವೆ. ಗೊತ್ತಿಲ್ಲದ ವೇಡರ್‌ಗಳನ್ನು (ಕೆಸರಿನಲ್ಲಿ ನಡೆದು ಮೇಯುವ ಇಂಥ ಹಕ್ಕಿಗಳನ್ನು) ಪಕ್ಕಪಕ್ಕದಲ್ಲಿಟ್ಟು ಅಳತೆ, ಕಾಲಿನ ಬಣ್ಣ ಹೋಲಿಸಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಉಬ್ಬರದ ತುದಿಗೆ ಒಂದು ಗಂಟೆ ಮೊದಲೇ ಅಲ್ಲಿರಿ.

ಇಲ್ಲಿ ಮಿಲ್ಕಿ ಕೊಕ್ಕರೆಯೂ ಕಾಣುತ್ತದೆ. ಸೇತುವೆಯಿಂದ ಕೆಳಗೆ ನೋಡಿದರೆ ಉಪ್ಪುನೀರಿನ ಮೊಸಳೆ ಇದ್ದೀತು. ರಂಗನತಿಟ್ಟಿನ ಮೊಸಳೆ ನೋಡಿ ಅಭ್ಯಾಸ ಆಗಿರುವವರು ನೆನಪಿಡಿ, ಇದು ಬೇರೆ ಜಾತಿ, ಹೆಚ್ಚು ಅಪಾಯದ್ದು. ದಾರಿ ಬಿಟ್ಟು ನೀರಿನ ಅಂಚಿಗೆ ಇಳಿಯಬೇಡಿ. ಕೆಸರಿನಲ್ಲಿ ತೆವಳುವ ಮಡ್‌ಸ್ಕಿಪ್ಪರ್ ಮೀನು, ದಾರಿಗೆ ಅಡ್ಡ ಮಲಗಿದ ದೊಡ್ಡ ಉಡ, ಇವೆಲ್ಲ ಹಕ್ಕಿ ಬರುವವರೆಗೆ ಕಾಯುವ ಹೊತ್ತಿಗೆ ಒಳ್ಳೆಯ ಜೊತೆ.

ಇಷ್ಟೆಲ್ಲ ಒಳ್ಳೆಯದಿದ್ದರೂ ದೂರ ದೂರವೇ. ದ್ವೀಪದ ವಾಯವ್ಯ ಮೂಲೆಯಲ್ಲಿದೆ. ಮೆಟ್ರೋದಲ್ಲಿ ಕ್ರಾಂಜಿವರೆಗೆ ಹೋಗಿ ಅಲ್ಲಿಂದ 925 ನಂಬರಿನ ಬಸ್ ಹಿಡಿಯಬೇಕು. ಊರ ಮಧ್ಯದಿಂದ ಒಂದೂಕಾಲು, ಒಂದೂವರೆ ಗಂಟೆ ಹಿಡಿಯುತ್ತದೆ. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಆದರೆ 9ರ ಸೆಷನ್‌ಗೆ ಮೊದಲು ಹೋಗಿ ಬರುವ ಆಸೆ ಇಟ್ಟುಕೊಳ್ಳಬೇಡಿ, ಆಗುವುದಿಲ್ಲ. ಉಬ್ಬರ ಮಧ್ಯಾಹ್ನ 3ಕ್ಕೋ 4ಕ್ಕೋ ಇರುವ ದಿನ ಕಾನ್ಫರೆನ್ಸ್ ಅರ್ಧಕ್ಕೆ ಮುಗಿದರೆ, ಅದೇ ನಿಮ್ಮ ದಿನ. ಹಕ್ಕಿ ಅಂದರೆ ಬೆಳಗ್ಗೆಯೇ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ. ಇಲ್ಲಿ ನೀರಿನದೇ ಗಡಿಯಾರ.

ಜೂನ್, ಜುಲೈನಲ್ಲಿ ಹೋಗುವವರಿಗೆ ಈ ದೂರ ಲಾಭದ್ದಲ್ಲ. ಬಕಗಳು, ಮಿಂಚುಳ್ಳಿ, ಸೂರಕ್ಕಿ ಇರುತ್ತವೆ. ಅವು ಊರೊಳಗೂ ಸಿಗುತ್ತವೆ.

ಪುಲಾವ್ ಉಬಿನ್: ಇಡೀ ದಿನ ಇದ್ದವರಿಗೆ, ಯಾವ ತಿಂಗಳಾದರೂ

ವಲಸೆಯ ಕಾಲ ಅಲ್ಲ, ಆದರೆ ಒಂದು ದಿನ ರಜೆ ಹಾಕಿದ್ದೀರಿ ಅಂದರೆ ನನ್ನ ಆಯ್ಕೆ ಉಬಿನ್. ಈಶಾನ್ಯದ ಸಣ್ಣ ದ್ವೀಪ. ಹಿಂದೆ ಗ್ರಾನೈಟ್ ಕ್ವಾರಿಗಳಿದ್ದವು, ಈಗ ಅವುಗಳಲ್ಲಿ ನೀರು ನಿಂತು ಸುತ್ತ ಕಾಡು ಬೆಳೆದಿದೆ. ತಾನಾ ಮೆರಾ ಮೆಟ್ರೋದಿಂದ 2ನೇ ನಂಬರಿನ ಬಸ್ ಹಿಡಿದರೆ ಚಾಂಗಿ ವಿಲೇಜ್. ಅಲ್ಲಿಂದ ಸಣ್ಣ ಮೋಟಾರು ದೋಣಿ. ದೋಣಿಗೆ ವೇಳಾಪಟ್ಟಿ ಇಲ್ಲ, 12 ಜನ ಸೇರಿದರೆ ಹೊರಡುತ್ತದೆ. ಒಬ್ಬರಿಗೆ ನಾಲ್ಕು ಡಾಲರ್ ಆಸುಪಾಸು. ಹತ್ತು ಹದಿನೈದು ನಿಮಿಷದ ದಾರಿ. ಚಿಲ್ಲರೆ ಇಟ್ಟುಕೊಳ್ಳಿ. ವಾರದ ಮಧ್ಯದಲ್ಲಿ ಬೆಳಗ್ಗೆ ಹೋದರೆ 12 ಜನ ಸೇರುವವರೆಗೆ ಕಾಯಬೇಕಾಗುತ್ತದೆ, ಶನಿವಾರ, ಭಾನುವಾರ ಕಾಯುವ ಕೆಲಸ ಇಲ್ಲ ಆದರೆ ಸೈಕಲ್‌ಗಳ ಜಾತ್ರೆ. ಎರಡರಲ್ಲಿ ನಾನು ವಾರದ ಮಧ್ಯವನ್ನೇ ಆರಿಸುತ್ತೇನೆ.

ಇಲ್ಲಿಗೆ ಹೋಗಲು ಎರಡು ಹಕ್ಕಿಗಳೇ ಸಾಕಾದ ಕಾರಣ. ಮೊದಲನೆಯದು ಮಂಗಟ್ಟೆ. ದಾಂಡೇಲಿಯಲ್ಲಿ ನಾವು ನೋಡುವ ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆಯ ಹತ್ತಿರದ ನೆಂಟ, ಓರಿಯೆಂಟಲ್ ಪೈಡ್. ಸಿಂಗಪುರದಿಂದ ಇದು 19ನೇ ಶತಮಾನದಲ್ಲೇ ಕಾಣೆಯಾಗಿತ್ತು. 1990ರ ದಶಕದಲ್ಲಿ ತಾನಾಗಿ ಉಬಿನ್‌ಗೆ ಮರಳಿ ಬಂದು 1997ರಲ್ಲಿ ಮರಿ ಮಾಡಿತು. ದೊಡ್ಡ ಪೊಟರೆಯ ಹಳೆಯ ಮರಗಳು ಸಾಕಷ್ಟಿಲ್ಲ ಅಂತ ಕಂಡು, ಮುಂದೆ ಅಲ್ಲಿನವರು ಗೂಡುಪೆಟ್ಟಿಗೆಗಳನ್ನು ಮರಕ್ಕೆ ಕಟ್ಟಿದರು. ಹೆಣ್ಣು ಒಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ಸೀಳಿನಲ್ಲಿ ಹಣ್ಣು ತಿನ್ನಿಸುತ್ತದೆ, ನಮ್ಮ ಕಾಡಿನಲ್ಲಿ ಆಗುವ ಹಾಗೆಯೇ. ಈಗ ಅದರ ಸಂತಾನ ಊರೊಳಗಿನ ಉದ್ಯಾನಗಳಲ್ಲೂ ಓಡಾಡುತ್ತಿದೆ.

ಎರಡನೆಯದು ಸ್ಟ್ರಾ ಹೆಡೆಡ್ ಬುಲ್‌ಬುಲ್. ಒಣಹುಲ್ಲಿನ ಬಣ್ಣದ ತಲೆ, ಕಪ್ಪು ಮೀಸೆಯ ಪಟ್ಟಿ. ನಮ್ಮ ಮನೆಯಂಗಳದ ಪಿಕಳಾರಗಳಿಗಿಂತ ಎಷ್ಟೋ ದೊಡ್ಡದು. ಇದರ ಹಾಡೇ ಇದಕ್ಕೆ ಶತ್ರು. ತುಂಬು ದನಿಯಲ್ಲಿ ಉಕ್ಕಿ ಉಕ್ಕಿ ಬರುವ ಆ ಹಾಡಿಗಾಗಿ ಹಿಡಿದು ಪಂಜರಕ್ಕೆ ಹಾಕಿ ಹಾಕಿ, ಜಾವಾ, ಥಾಯ್ಲೆಂಡ್‌ಗಳ ಕಾಡಿನಲ್ಲಿ ಇಲ್ಲವಾಗಿಸಿದ್ದಾರೆ. ಅಳಿವಿನ ಅಂಚಿನ ಪಟ್ಟಿಯಲ್ಲಿರುವ ಈ ಹಕ್ಕಿಗೆ ಜಗತ್ತಿನಲ್ಲೇ ಉಳಿದಿರುವ ಭದ್ರ ನೆಲೆಗಳಲ್ಲಿ ಸಿಂಗಪುರ ಒಂದು, ಅದರಲ್ಲೂ ಉಬಿನ್. ದೋಣಿ ಇಳಿದು ಊರು ದಾಟಿದ ಮೇಲೆ ಸುಮ್ನೆ ನಿಂತು ಕೇಳಿ. ಮೊದಲು ಒಂದು, ಅದಕ್ಕೆ ಜೋಡಿಯಾಗಿ ಇನ್ನೊಂದು. ಕಾಣುವ ಮೊದಲು ಕೇಳಿಸುತ್ತದೆ. ರೆಕಾರ್ಡ್ ಮಾಡಿದ ದನಿ ಹಾಕಿ ಕರೆಯುವ ಕೆಲಸ ಖಂಡಿತಾ ಬೇಡ. ಇಷ್ಟು ಕಷ್ಟದಲ್ಲಿ ಉಳಿದ ಹಕ್ಕಿಯನ್ನು ಫೋಟೋಗೋಸ್ಕರ ಗೋಳು ಹೊಯ್ದುಕೊಳ್ಳಬಾರದು.

ಪೂರ್ವ ತುದಿಯಲ್ಲಿ ಚೆಕ್ ಜಾವಾ ಇದೆ. 2001ರಲ್ಲಿ ಅದನ್ನು ಮಣ್ಣು ತುಂಬಿ ಮುಚ್ಚುವುದರಲ್ಲಿದ್ದರು, ಜನ ಹೋಗಿ ನೋಡಿ ದನಿ ಎತ್ತಿದ ಮೇಲೆ ಮುಂದೂಡಿದರು. ಇಲ್ಲಿಗೆ ಮಾತ್ರ ಬುಲೋಗೆ ತಿರುಗುಮುರುಗು ಲೆಕ್ಕ. ಇಳಿತ ಇರುವಾಗ ಹೋಗಬೇಕು. ನೀರು ಸರಿದಾಗ ಹಲಗೆಯ ಸೇತುವೆ ಮೇಲಿಂದ ಕಡಲ ಹುಲ್ಲು, ಏಡಿಗಳು, ನಕ್ಷತ್ರ ಮೀನು ಕಾಣುವ ಅವಕಾಶ. ಹಾಗಾಗಿ ಬುಲೋನಾ ಉಬಿನ್ನಾ ಅಂತ ತೀರ್ಮಾನ ಆಗದೆ ಕೂತಿದ್ದರೆ ಉಬ್ಬರದ ಪಟ್ಟಿಯನ್ನೇ ಕೇಳಿ. ನಿಮ್ಮ ಬಿಡುವಿನ ಹೊತ್ತಿಗೆ ನೀರು ತುಂಬಿದ್ದರೆ ಬುಲೋ, ಇಳಿದಿದ್ದರೆ ಉಬಿನ್.

ಬಟ್ಟೆ ಕೊಳೆಯಾಗುತ್ತದೆ, ಬೆವರು ಹರಿಯುತ್ತದೆ, ಸೊಳ್ಳೆ ಇವೆ. ಡೆಂಗಿ ಸಿಂಗಪುರದಲ್ಲೂ ಇದೆ, ಸೊಳ್ಳೆ ಮುಲಾಮು ಮರೆಯಬೇಡಿ. ಕಾಡುಹಂದಿಗಳು ತಿಂಡಿಯ ಚೀಲ ಹುಡುಕಿಕೊಂಡು ಬರುತ್ತವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ತೂಗಾಡಿಸಿಕೊಂಡು ನಡೆಯಬೇಡಿ. ಊರಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಹಕ್ಕಿ ನೋಡಲು ಸೈಕಲ್‌ಗಿಂತ ಕಾಲ್ನಡಿಗೆ ಮೇಲು, ಆದರೆ ಚೆಕ್ ಜಾವಾವರೆಗೆ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಇರುವುದರಿಂದ ಬಿಸಿಲಿನಲ್ಲಿ ಸೈಕಲ್ಲೇ ಸರಿ.

ಬರ್ಡ್ ಪ್ಯಾರಡೈಸ್: ಮನೆಯವರು ಜೊತೆಗಿದ್ದರೆ

ಜುರಾಂಗ್ ಬರ್ಡ್ ಪಾರ್ಕ್ 2023ರ ಜನವರಿಯಲ್ಲಿ ಮುಚ್ಚಿತು. ಅದರ ಬದಲಿಗೆ ಅದೇ ವರ್ಷ ಮೇ ತಿಂಗಳಲ್ಲಿ ಮಂಡಾಯಿಯಲ್ಲಿ ತೆರೆದದ್ದು ಇದು. ಹಳೆಯ ಪ್ರವಾಸ ಬರಹ ಓದಿಕೊಂಡು ಜುರಾಂಗ್‌ಗೆ ಹೋಗಬೇಡಿ. ಸುಮಾರು 3,500 ಹಕ್ಕಿಗಳು, 400 ಜಾತಿಗಳು. ಬಲೆಯ ಒಳಗೆ ನಾವೇ ನಡೆದು ಹೋಗುವ ದೊಡ್ಡ ದೊಡ್ಡ ಆವರಣಗಳು.

ಹಕ್ಕಿ ನೋಡುವವರು ಇದನ್ನು ಪಟ್ಟಿಗೇ ಸೇರಿಸುವುದಿಲ್ಲ, ಸಾಕಿದ ಹಕ್ಕಿ ಅಂತ. ನಾನೂ ಒಬ್ಬನೇ ಹೋಗುವುದಾದರೆ ಆ ಅರ್ಧ ದಿನವನ್ನು ಬುಲೋಗೇ ಕೊಡುತ್ತೇನೆ. ಟಿಕೆಟ್ ದುಬಾರಿ, ತೆರೆಯುವುದು 9ಕ್ಕೆ, ಅಂದರೆ ಸೆಷನ್ ಮೊದಲು ಹೋಗುವ ಮಾತೇ ಇಲ್ಲ. ಆದರೆ ಹೆಂಡತಿ, ಮಕ್ಕಳು, ವಯಸ್ಸಾದ ಅಮ್ಮ ಜೊತೆಗೆ ಬಂದಿದ್ದು, ನೀವು ಹಾಲ್‌ನಲ್ಲಿ ಕೂತಿರುವಾಗ ಅವರು ಏನು ಮಾಡಬೇಕು ಅನ್ನುವ ಪ್ರಶ್ನೆ ಇದ್ದರೆ, ಇದು ಒಳ್ಳೆಯ ಉತ್ತರ. ದಾರಿ ಸಲೀಸು, ಊಟಕ್ಕೆ ಶೌಚಕ್ಕೆ ತೊಂದರೆ ಇಲ್ಲ, ಖಾತಿಬ್ ಮೆಟ್ರೋದಿಂದ ಶಟಲ್ ಬಸ್ ಇದೆ. ಮಕ್ಕಳಿಗೆ ಪೆಂಗ್ವಿನ್ ಕಾಣಿಸಿದರೆ ಸಾಕು. ನಿಮಗೂ ಬಾಲಿ ಮೈನಾದಂಥ ಹಕ್ಕಿಯನ್ನು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲೂ ಸುಲಭಕ್ಕೆ ಸಿಗದು.

ಉಳಿದವು

ಕಾನ್ಫರೆನ್ಸ್ ಮರೀನಾ ಬೇ ಸ್ಯಾಂಡ್ಸ್‌ನಲ್ಲೇ ಇದ್ದರೆ ಸಂಜೆಗೆ ಗಾರ್ಡನ್ಸ್ ಬೈ ದ ಬೇ. ಹೊರಗಿನ ತೋಟಗಳಿಗೆ ಟಿಕೆಟ್ ಇಲ್ಲ. ಐದೂವರೆಗೆ ಸೆಷನ್ ಮುಗಿದರೆ ಸೂರ್ಯ ಮುಳುಗುವವರೆಗೆ ಒಂದೂವರೆ ಗಂಟೆ. ಅಲ್ಲಿನ ಕಿಂಗ್‌ಫಿಷರ್ ವೆಟ್‌ಲ್ಯಾಂಡ್ಸ್ ಕಡೆ ಬಕ, ಮಿಂಚುಳ್ಳಿ ನೋಡಿ. ನೀರುನಾಯಿಗಳ ಕುಟುಂಬ ಸಿಕ್ಕರೂ ಸಿಕ್ಕೀತು. ಆಮೇಲೆ 7.45ಕ್ಕೆ ಅಲ್ಲಿನ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಕಟ್ಟಡಗಳ) ಬೆಳಕಿನ ಪ್ರದರ್ಶನಕ್ಕೆ ಸಹೋದ್ಯೋಗಿಗಳ ಜೊತೆ ಸೇರಿಕೊಳ್ಳಬಹುದು. ಬಂದಿಳಿದ ಮೊದಲ ಸಂಜೆಗೆ ಹೇಳಿ ಮಾಡಿಸಿದ್ದು.

ಸಿಂಗಪುರ ಎಕ್ಸ್‌ಪೋದಲ್ಲಿ ಇದ್ದರೆ ಬೊಟಾನಿಕ್ ಗಾರ್ಡನ್ಸ್ ದೂರವಾಗುತ್ತದೆ. ಬದಲಿಗೆ ಪಾಸಿರ್ ರಿಸ್ ಪಾರ್ಕ್. ಎಕ್ಸ್‌ಪೋದಿಂದ ತಾನಾ ಮೆರಾದಲ್ಲಿ ಗಾಡಿ ಬದಲಿಸಿ ಕೊನೆಯ ಸ್ಟೇಷನ್‌ಗೆ ಇಳಿದು ನಡೆದರೆ ಸಾಕು. ಕಾಂಡ್ಲಾ ಕಾಡಿನ ನಡುವೆ ಹಲಗೆ ದಾರಿ, ಬೂದು ಬಕಗಳು, ದೊಡ್ಡ ಮರಗಳಲ್ಲಿ ಸ್ಪಾಟೆಡ್ ವುಡ್ ಗೂಬೆ. ಗೂಬೆ ಎಲ್ಲಿ ಕೂತಿದೆ ಅಂತ ಗೊತ್ತಾಗಬೇಕಾದರೆ ದೊಡ್ಡ ಕ್ಯಾಮೆರಾ ಹಿಡಿದವರು ಎತ್ತ ನೋಡುತ್ತಿದ್ದಾರೆ ನೋಡಿ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಮ್ಯಾಕ್‌ರಿಚಿ, ಬುಕಿಟ್ ತಿಮಾದ ಮಳೆಕಾಡು ಚೆನ್ನಾಗಿದೆ, ಭೀಮರಾಜ ಸಿಗುತ್ತದೆ. ಆದರೆ ದಟ್ಟ ಕಾಡಿನಲ್ಲಿ ಹಕ್ಕಿ ನೋಡಲು ತಾಳ್ಮೆ, ಸಮಯ ಎರಡೂ ಬೇಕು. ಕೊಡಗು, ಆಗುಂಬೆ ನೋಡಿದವರಿಗೆ ಇದಕ್ಕೆ ಮೊದಲ ಜಾಗ ಕೊಡುವ ಅಗತ್ಯ ಇಲ್ಲ. ಎರಡನೇ ಸಲ ಹೋದಾಗ ನೋಡಿ.

ಏನು ಹೊರಬೇಕು, ಯಾವಾಗ ಹೋಗಬೇಕು

8x32 ಬೈನಾಕ್ಯುಲರ್ ಇದ್ದರೆ ಅದನ್ನೇ ತನ್ನಿ, ಲ್ಯಾಪ್‌ಟಾಪ್ ಚೀಲದಲ್ಲಿ ಹಿಡಿಸುತ್ತದೆ. ದೊಡ್ಡ ಲೆನ್ಸ್ ಹೊತ್ತು ತಂದರೆ ಅದನ್ನು ಕಾಯುವುದೇ ಕೆಲಸವಾಗುತ್ತದೆ. ಒಂದು ಹೆಚ್ಚಿನ ಶರ್ಟು ಮಾತ್ರ ಬೇಕೇ ಬೇಕು. ಬೆಳಗ್ಗೆ 8ಕ್ಕೇ ಅಲ್ಲಿಯ ಸೆಕೆಗೆ ಬಟ್ಟೆ ಒದ್ದೆಯಾಗಿ ಮೈಗೆ ಅಂಟುತ್ತದೆ. ಯಾವ ಕಾಡುಪ್ರಾಣಿಗೂ ಹಕ್ಕಿಗೂ ತಿನ್ನಲು ಹಾಕಬೇಡಿ, ಪಾರಿವಾಳಕ್ಕೂ ಸಹ. ಅಲ್ಲಿನ ಕಾನೂನಿನಲ್ಲಿ ಅದು ಅಪರಾಧ, ಮೊದಲ ಸಲವೇ 5,000 ಡಾಲರ್‌ವರೆಗೆ ದಂಡ ಇದೆ. ಪಾರಿವಾಳಕ್ಕೆ ಕಾಳು ಹಾಕುವುದು ಪುಣ್ಯ ಅಂತ ಬೆಳೆದ ನಾವು ಇದನ್ನು ಮನೆಯವರಿಗೂ ಹೇಳಿಕೊಡಬೇಕು.

ರಜೆ ಸೇರಿಸುವುದಾದರೆ ಕಾನ್ಫರೆನ್ಸಿಗೆ ಮೊದಲಾ, ಆಮೇಲಾ? ಆಮೇಲೆ. ನಿಮ್ಮ ಭಾಷಣ, ಪೋಸ್ಟರ್ ಏನಿದ್ದರೂ ಮುಗಿದಿರುತ್ತದೆ, ತಲೆ ಹಗುರ. ಆಫೀಸಿನ ಪ್ರಯಾಣ ವಿಮೆ ಆ ಹೆಚ್ಚಿನ ದಿನಕ್ಕೂ ಇದೆಯಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ನೀವೇ ಮಾಡಿಸಿ. ರಾತ್ರಿಯ ವಿಮಾನ ಇದ್ದರೆ ಕೊನೆಯ ದಿನಕ್ಕೆ ಉಬಿನ್ ಚೆನ್ನಾಗಿ ಹೊಂದುತ್ತದೆ. ಬೆಳಗ್ಗೆಯೇ ಸಾಮಾನನ್ನು ವಿಮಾನ ನಿಲ್ದಾಣದಲ್ಲಿ ದುಡ್ಡು ಕೊಟ್ಟು ಇಡಬಹುದು, ಅಲ್ಲಿಂದ ಚಾಂಗಿ ವಿಲೇಜ್‌ಗೆ ಟ್ಯಾಕ್ಸಿಯಲ್ಲಿ ಹೆಚ್ಚು ಹೊತ್ತಿಲ್ಲ. ಮಧ್ಯಾಹ್ನದ ಮೇಲೆ ದೋಣಿ ಹತ್ತಿ ವಾಪಸ್ ಬಂದರೆ, ಚಾಂಗಿ ವಿಲೇಜ್‌ನ ಮರಗಳಿಗೆ ಸಂಜೆ ಗಿಳಿಗಳು ಬಂದು ಕೂರುವುದನ್ನೂ ನೋಡಿಕೊಂಡು ಹೊರಡಬಹುದು.

ಬುಲೋಗೆ ಹೋಗುವ ಮನಸ್ಸಿದ್ದು ಬಸ್ಸಿನ ದೂರ ಹೆದರಿಸುತ್ತಿದ್ದರೆ ಒಂದು ಉಪಾಯ ಇದೆ. ಕಾನ್ಫರೆನ್ಸಿನ ಆ್ಯಪ್‌ನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಮೊದಲ ದಿನವೇ ಒಂದು ಸಾಲು ಬರೆಯಿರಿ: ಇಂಥ ದಿನ, ಇಷ್ಟು ಹೊತ್ತಿಗೆ ಉಬ್ಬರ, ಹಕ್ಕಿ ನೋಡಲು ಹೋಗುತ್ತಿದ್ದೇನೆ, ಯಾರಾದರೂ ಬರುತ್ತೀರಾ? ಸಾವಿರ ಜನ ಸೇರಿದ ಕಡೆ ಹಕ್ಕಿ ನೋಡುವವರು ಮೂರು ಜನವಾದರೂ ಇದ್ದೇ ಇರುತ್ತಾರೆ. ನಾಲ್ಕು ಜನ ಸೇರಿ ಗ್ರ್ಯಾಬ್ (ನಮ್ಮ ಓಲಾ, ಊಬರ್ ಥರದ ಆ್ಯಪ್) ಟ್ಯಾಕ್ಸಿ ಮಾಡಿದರೆ ಮುಕ್ಕಾಲು ಗಂಟೆಯೊಳಗೆ ಬುಲೋದ ಬಾಗಿಲಲ್ಲಿ ಇಳಿಯುತ್ತೀರಿ, ಬಾಡಿಗೆಯೂ ತಲೆಗೆ ಹಂಚಿಹೋಗುತ್ತದೆ. ವಾಪಸ್ ಬರುವಾಗ ಆ ಕಡೆ ಗಾಡಿ ಸಿಗೋದು ಸ್ವಲ್ಪ ನಿಧಾನ. ಬಸ್ಸಿನಲ್ಲಿ ಕ್ರಾಂಜಿಗೆ ಬಂದು ಮೆಟ್ರೋ ಹಿಡಿಯಿರಿ.